ಎರಡು ಸಲ ಬಂದ ಮೂರು ಗಂಟೆ

ಬೆಳಗಿನ ಐದೂ ಐವತ್ತು. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಒಂದೇ ನೂಕಿಗೆ ತೆರೆಯುವ ಪೈಕಿಯಲ್ಲ. ಒಗೆದ ಹೊದಿಕೆಗಳ ಮೂಟೆಗಳು ಒಳಗಿನಿಂದ ಒತ್ತಿಕೊಂಡು ಕೂತಿರುತ್ತವೆ. ಟೈಮರ್ ಅಕ್ಕ ಭುಜ ಕೊಟ್ಟು ನೂಕುತ್ತಾರೆ, ಸಿಕ್ಕ ಸಂದಿಯಲ್ಲಿ ಮೈ ತೂರಿಸುತ್ತಾರೆ, ಮೂಟೆಗಳ ನಡುವೆ ಮಿಣುಕುತ್ತಿರುವ ಪರದೆಯ ಮುಂದೆ ನಿಲ್ಲುತ್ತಾರೆ. ಎಡ ಅಂಗೈಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೆ: ಆರು ಗಂಟೆ, ಎರಡನೇ ಮಹಡಿ, ಹಾಸಿಗೆ ಒಂಬತ್ತು. ಕುರ್ಚಿಯಲ್ಲಿ ಕೂರುವುದಿಲ್ಲ. ಬಂದ ಕಾಲಲ್ಲೇ ಹೊರಗೆ ಹೊರಟು ಮೆಟ್ಟಿಲು ಹತ್ತತೊಡಗುತ್ತಾರೆ.

ಎರಡನೇ ಮಹಡಿಯ ವಾರ್ಡಿನ ಬಾಗಿಲಾಚೆ, ಗೋಡೆಗೆ ಬೆನ್ನು ಕೊಟ್ಟು, ಮೈಯೆಲ್ಲ ಕಿವಿಯಾಗಿ ನಿಲ್ಲುತ್ತಾರೆ. ಕಣ್ಣು ಕೈಗಡಿಯಾರದ ಮೇಲೆ. ಆರಕ್ಕೆ ಸರಿಯಾಗಿ ಒಳಗಿನ ಮೇಜಿನ ಮೇಲೆ ಬೆಲ್ ಆಗುತ್ತದೆ. ನರ್ಸ್ ಒಬ್ಬರು ಎದ್ದು ಒಂಬತ್ತನೇ ಹಾಸಿಗೆಯ ಅಜ್ಜಿಯನ್ನು ಎಡಮಗ್ಗುಲಿಗೆ ತಿರುಗಿಸಲು ಹೋಗುತ್ತಾರೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. "ಬಂತು," ಅಂದುಕೊಳ್ಳುತ್ತಾರೆ ಟೈಮರ್ ಅಕ್ಕ, ಬೇರೆ ಯಾರಿಗೂ ಅಲ್ಲ, ತಮಗೇ. ಸೆರಗಿನ ತುದಿಯಿಂದ ಅಂಗೈ ಉಜ್ಜುತ್ತಾ ಕೆಳಗಿಳಿಯುತ್ತಾರೆ.

ಆ ಬೆಲ್ ಹೊಡೆಸಿದ್ದು ಅವರೇ ಬರೆದ ಪ್ರೋಗ್ರಾಂ. ತಾವೇ ಹೊಡೆಸುವ ಬೆಲ್ ಹೊಡೆಯಿತೋ ಇಲ್ಲವೋ ಎಂದು ಅಂಗೈಯಲ್ಲಿ ಬರೆದುಕೊಂಡು ಹೋಗಿ ಕೇಳಿ ಬರುವುದು ಹತ್ತು ತಿಂಗಳಿಂದ ಅವರಿಗೆ ಅಂಟಿದ ಅಭ್ಯಾಸ. ಅದಕ್ಕೆ ಕಾರಣವಿದೆ, ಆ ಮಾತಿಗೆ ಆಮೇಲೆ ಬರೋಣ.

ಇನ್ನೂರ ಹನ್ನೆರಡು ಹಾಸಿಗೆಗಳ ಆಸ್ಪತ್ರೆ ಇದು. ಯಾರಿಗೆ ಯಾವ ಹೊತ್ತಿಗೆ ಮಾತ್ರೆ, ಯಾರ ಹನಿ ಬಾಟಲಿ ಎಷ್ಟು ಹೊತ್ತಿಗೆ ಬದಲಾಗಬೇಕು, ಯಾರ ಜ್ವರ ಯಾವಾಗ ನೋಡಬೇಕು, ಎಲ್ಲಕ್ಕೂ ಒಂದೊಂದು ಬೆಲ್. ದಿನಕ್ಕೆ ಹೆಚ್ಚುಕಡಿಮೆ ಸಾವಿರದ ಒಂಬೈನೂರು. ಈ ಸಾವಿರದ ಒಂಬೈನೂರನ್ನೂ ಹೊತ್ತಿಗೆ ಸರಿಯಾಗಿ ಹೊಡೆಸುವುದು ಮೆಟ್ಟಿಲ ಕೆಳಗಿನ ಒಂದು ಹಳೇ ಯಂತ್ರ, ಅದನ್ನು ನೋಡಿಕೊಳ್ಳುವುದು ಐವತ್ತೆರಡರ ಈ ಹೆಂಗಸು. ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ 'ಡೇಟಾ ಎಂಟ್ರಿ, ತಾತ್ಕಾಲಿಕ'. ತಾತ್ಕಾಲಿಕ ಅಂದರೆ ಇಲ್ಲಿ ಇಪ್ಪತ್ತೊಂದು ವರ್ಷ.

ಮೂರು ತಿಂಗಳ ಮಟ್ಟಿಗೆ ಅಂತ ಟೈಪಿಸ್ಟ್ ಕೆಲಸಕ್ಕೆ ಬಂದವರು. ರೋಗಿಗಳ ಚೀಟಿ ಟೈಪ್ ಮಾಡುತ್ತಾ ಮಾಡುತ್ತಾ ಅವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು: ಔಷಧಿಯಲ್ಲಿ ತಪ್ಪಾಗುತ್ತಿದ್ದುದು ಕಡಿಮೆ, ಹೊತ್ತಿನಲ್ಲಿ ಆಗುತ್ತಿದ್ದುದೇ ಹೆಚ್ಚು. ಸಂಜೆ ತರಗತಿಗೆ ಸೇರಿ ಪ್ರೋಗ್ರಾಂ ಬರೆಯುವುದು ಕಲಿತರು. ಪ್ರೆಸ್ಸಿನಲ್ಲಿ ಎರಡನೇ ಪಾಳಿ ಮಾಡುವ ಗಂಡ ಕಾಗದದ ಚೂರು ತಂದುಕೊಡುತ್ತಿದ್ದರು, ಅದರ ಬೆನ್ನಿನ ಮೇಲೆ ಬರೆದು ಬರೆದು ಅಭ್ಯಾಸ. ಮನೆಯಲ್ಲಿ ಅತ್ತೆಯ ನಾಲಗೆ ಅಂದೂ ಹರಿತ, ಇಂದೂ ಹರಿತ. "ಊರಿಗೆಲ್ಲ ಟೈಮ್ ಹೇಳ್ತಾಳೆ ಮಹರಾಯ್ತಿ. ಒಲೆ ಮೇಲಿನ ಹಾಲು ಉಕ್ಕಿ ಹರಿದ್ರೆ ನಾನೇ ಕೂಗ್ಬೇಕು," ಎಂದು ಇವತ್ತಿಗೂ ಬಂದವರ ಮುಂದೆ ಹೇಳಿ ನಗಿಸುತ್ತಾರೆ. ಸೊಸೆಯೂ ನಗುತ್ತಾರೆ. ಹಾಲು ಉಕ್ಕುವುದು ಸುಳ್ಳಲ್ಲ.

ನಿಮ್ಮ ಪ್ರೋಗ್ರಾಂ ಮಾಡುವುದಾದರೂ ಏನು ಎಂದರೆ ಅವರು ಯಂತ್ರದ ಭಾಷೆಗೆ ಹೋಗುವುದೇ ಇಲ್ಲ. "ಒಬ್ಬಳೇ ನರ್ಸು, ನಲವತ್ತು ಹಾಸಿಗೆ ಅಂದ್ಕೊಳ್ಳಿ. ಒಂದು ಹಾಸಿಗೆ ಹತ್ರ ಎರಡು ಗಂಟೆ ಕಾಯ್ತಾ ನಿಂತ್ಬಿಟ್ರೆ ಮಿಕ್ಕ ಮೂವತ್ತೊಂಬತ್ತು ಜನ ಏನಾಗ್ಬೇಕು? ಅದಕ್ಕೆ ಅವಳು ನಿಲ್ಲಲ್ಲ. 'ಹೊತ್ತಾದಾಗ ನನ್ನ ಕರೀರಿ' ಅಂತ ಚೀಟಿ ಇಟ್ಟು ಮುಂದಕ್ಕೆ ಹೋಗ್ತಾಳೆ. ನಂದೂ ಅಷ್ಟೇ. ಒಂದೇ ಒಂದು ಸುತ್ತು, ಸುತ್ತುತಾನೇ ಇರುತ್ತೆ. ಪ್ರತಿ ಸಲಾನೂ ಒಂದೇ ಪ್ರಶ್ನೆ ಕೇಳುತ್ತೆ: ಯಾರ ಹೊತ್ತಾಯ್ತು?"

ಆ ಚೀಟಿಗೆ ಅವರ ಕಸುಬಿನವರು ಕಾಲ್‌ಬ್ಯಾಕ್ ಅನ್ನುತ್ತಾರೆ. ಚೀಟಿಗಳನ್ನೆಲ್ಲ ಎರಕ ಹೊಯ್ಯಲು ಅವರು ಒಂದು ಅಚ್ಚು ಮಾಡಿಟ್ಟಿದ್ದಾರೆ, ಅದರ ಹೆಸರು ಟೈಮರ್. ಪ್ರತಿ ಟೈಮರಿಗೂ ಮೂರೇ ಮಾತು ಗೊತ್ತು: ಯಾವಾಗ, ಏನು ಮಾಡಬೇಕು, ಒಂದೇ ಸಲವೋ ಮತ್ತೆ ಮತ್ತೆಯೋ. ಮೊದಲು ಬರಬೇಕಾದದ್ದು ಸಾಲಿನಲ್ಲಿ ಮೊದಲು ನಿಲ್ಲುತ್ತದೆ. ಅದರ ಹೊತ್ತು ಬರುವವರೆಗೆ ಯಂತ್ರ ಕಣ್ಣು ಮುಚ್ಚಿರುತ್ತದೆ, ಬಂದ ತಕ್ಷಣ ಬೆಲ್ ಹೊಡೆದು ಮುಂದಿನದನ್ನು ನೋಡುತ್ತದೆ. "ಕರೆದಾಗ ಬಾ, ಬೆಲ್ ಹೊಡಿ, ಹೊರಡು. ಒಬ್ಬ ಅಲ್ಲೇ ಹರಟೆಗೆ ನಿಂತ್ರೆ ಹಿಂದಿರೋರೆಲ್ಲ ತಡ."

ಚೀಟಿ ಹಾಕುವುದಕ್ಕಿಂತ ಹರಿದುಹಾಕುವುದು ಕಷ್ಟದ ಕೆಲಸ ಎನ್ನುತ್ತಾರೆ ಅವರು. ಮೊದಲ ವರ್ಷ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಒಬ್ಬ ರೋಗಿ ತೀರಿಕೊಂಡರು. ಹತ್ತೂವರೆಗೆ ಮನೆಯವರು ಹೆಣದ ಸುತ್ತ ನಿಂತು ಅಳುತ್ತಿರುವಾಗ ಅದೇ ಹಾಸಿಗೆಯ ಮಾತ್ರೆಯ ಬೆಲ್ ಹೊಡೆಯಿತು. ತೀರಿಹೋದವರ ಮಗಳು ಕೈಯಲ್ಲಿದ್ದ ನೀರಿನ ಲೋಟ ಕೆಳಗೆ ಹಾಕಿದಳು. ಆ ಸಂಜೆಯೇ ಟೈಮರ್ ಅಕ್ಕ ಅಚ್ಚನ್ನು ತಿದ್ದಿದರು: ಹಾಸಿಗೆ ಖಾಲಿಯಾದರೆ ಅದರ ಚೀಟಿಗಳೆಲ್ಲ ಆ ಕ್ಷಣಕ್ಕೇ ರದ್ದು. "ಯಂತ್ರಕ್ಕೆ ಸತ್ತಿದ್ದು ಗೊತ್ತಾಗಲ್ಲ, ನಾವೇ ಹೇಳ್ಬೇಕು," ಅನ್ನುವಾಗ ಅವರ ದನಿಯಲ್ಲಿ ಏರಿಳಿತವಿಲ್ಲ.

ಇಷ್ಟೆಲ್ಲ ಮಾಡಿದವರ ಬಗ್ಗೆ ಆಸ್ಪತ್ರೆಯಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ತಿಳಿದಿರುವುದು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕರೆಯಬೇಕಾದ ಹೆಂಗಸು ಎಂದು. ಸಮಾರಂಭವಿದ್ದರೆ ಮೈಕಿನ ವಯರ್ ಸಿಕ್ಕಿಸಲಿಕ್ಕೂ ಅವರೇ. ಹತ್ತು ತಿಂಗಳ ಹಿಂದಿನ ಆ ಮಧ್ಯಾಹ್ನವೂ ಅವರ ಕೈಯಲ್ಲಿದ್ದದ್ದು ಮೈಕಿನ ವಯರೇ.

ಆ ಮಧ್ಯಾಹ್ನದ ಕತೆ ಹೇಳಬೇಕಾದರೆ ಇನ್ನೊಬ್ಬರ ಪರಿಚಯವಾಗಬೇಕು. ಗಂಡಸರ ವಾರ್ಡಿನ ಆ ನರ್ಸನ್ನು ಎಲ್ಲರೂ ಅಂಗೈ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಯಾರಿಗೆ ಎಷ್ಟು ಹೊತ್ತಿಗೆ ಏನು ಎಂಬುದನ್ನೆಲ್ಲ ಆಕೆ ಅಂಗೈ ತುಂಬ ಬರೆದುಕೊಳ್ಳುತ್ತಿದ್ದಳು. ಆಮೇಲೆ ಸ್ವಚ್ಛತೆಯ ನಿಯಮ ಬಂತು: ವಾರ್ಡಿನಲ್ಲಿ ಮೊಣಕೈಯ ಕೆಳಗೆ ಬಳೆ ಕೂಡದು, ಗಡಿಯಾರ ಕೂಡದು, ಶಾಯಿ ಕೂಡದು. ಅಂಗೈ ಸಿಸ್ಟರ್ ಜಗ್ಗಲಿಲ್ಲ. ಕೊನೆಗೆ ಒಪ್ಪಿಸಿದ್ದು ಟೈಮರ್ ಅಕ್ಕನೇ. "ನಾನಿಲ್ವೇನೇ? ಕೈ ತೊಳ್ಕೊ. ನೀನು ಮರೆತ್ರೂ ನನ್ನ ಬೆಲ್ ಮರೆಯಲ್ಲ ಅಂದೆ. ಸೋಪು ಹಾಕಿ ನನ್ನೆದುರಿಗೇ ಕೈ ತೊಳ್ಕೊಂಡ್ಳು."

ಆ ದಿನ ಆಸ್ಪತ್ರೆಗೆ ಒಂದು ಪ್ರಶಸ್ತಿ. ಯಾವುದಕ್ಕೆ ಎಂದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ: ಸಮಯಪಾಲನೆಗೆ. ಎಲ್ಲ ಬೆಲ್‌ಗಳೂ ಹೊತ್ತಿಗೆ ಸರಿಯಾಗಿ ಆಗುತ್ತವೆ ಎಂಬುದಕ್ಕೆ. ಕಾರ್ಯಕ್ರಮ ಮೂರು ಗಂಟೆಗೆ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಮುಖ್ಯ ಅತಿಥಿ ಬಂದದ್ದು ಮೂರೂ ನಲವತ್ತಕ್ಕೆ. ಸಮಯಪಾಲನೆಯ ಫಲಕ ಕೊಡುವ ಚಿತ್ರದಲ್ಲಿ, ಅತಿಥಿಯ ತಲೆಯ ಮೇಲಿನ ಗಡಿಯಾರ ಮೂರೂ ನಲವತ್ತು ತೋರಿಸಿದರೆ ಮಾನ ಉಳಿಯುತ್ತದೆಯೇ? ಆಡಳಿತಾಧಿಕಾರಿ ಕಚೇರಿಯವರಿಗೆ ಕಣ್ಸನ್ನೆ ಮಾಡಿದರು. ಗಡಿಯಾರ ನಲವತ್ತು ನಿಮಿಷ ಹಿಂದಕ್ಕೆ ಹೋಗಿ ಮೂರು ಗಂಟೆಯಿಂದ ಮತ್ತೆ ನಡೆಯತೊಡಗಿತು.

ಆದರೆ ಸಭಾಂಗಣದ ಗಡಿಯಾರ ಒಂಟಿಯಲ್ಲ. ಅದಕ್ಕೂ ವಾರ್ಡುಗಳ ಗಡಿಯಾರಗಳಿಗೂ ಹೊತ್ತು ಹೇಳುವುದು ಮೆಟ್ಟಿಲ ಕೆಳಗಿನ ಅದೇ ಯಂತ್ರ. ಕಚೇರಿಯವರು ತಿರುಗಿಸಿದ್ದೂ ಆ ಯಂತ್ರದ ಹೊತ್ತನ್ನೇ; ಸಭಾಂಗಣದಲ್ಲಿ ಮೂರಾದರೆ ಇಡೀ ಆಸ್ಪತ್ರೆಗೆ ಮೂರು. ಮೂರೂ ನಲವತ್ತೈದಕ್ಕೆ ಬರಬೇಕಾಗಿದ್ದ ಚೀಟಿಗಳೆಲ್ಲ ಇನ್ನೂ ಮುಕ್ಕಾಲು ಗಂಟೆಯಿದೆ ಎಂದು ತಿಳಿದು ಸುಮ್ಮನೆ ಕೂತವು.

ಇಲ್ಲಿ ಟೈಮರ್ ಅಕ್ಕನ ತಪ್ಪೊಂದಿದೆ, ಅದನ್ನು ಅವರೇ ಎತ್ತಿ ಹೇಳುತ್ತಾರೆ. ಪ್ರತಿ ಯಂತ್ರದಲ್ಲೂ ಎರಡು ಗಡಿಯಾರಗಳಿರುತ್ತವೆ. ಒಂದು ಗೋಡೆಯ ಮೇಲೆ ತೋರಿಸುವಂಥದ್ದು, ಅದನ್ನು ಯಾರು ಬೇಕಾದರೂ ತಿರುಗಿಸಬಹುದು. ಇನ್ನೊಂದು, ಯಂತ್ರ ಚಾಲೂ ಆದಾಗಿನಿಂದ ಎಷ್ಟು ಸೆಕೆಂಡು ಕಳೆಯಿತು ಎಂದು ಒಳಗೊಳಗೇ ಎಣಿಸುವ ಲೆಕ್ಕ. ಅದಕ್ಕೆ ಮುಂದೆ ಹೋಗುವುದು ಮಾತ್ರ ಗೊತ್ತು. ಎರಡು ಗಂಟೆ ಬಿಟ್ಟು ಕರೆ ಎಂದು ಹೇಳುವವರು ಈ ಎರಡನೆಯದನ್ನು ನಂಬಬೇಕು. "ಮೊದಲ್ನೇ ವರ್ಷ ಆತುರದಲ್ಲಿ ಗೋಡೆ ಗಡಿಯಾರಕ್ಕೆ ಕಟ್ಟಿಬಿಟ್ಟೆ. ಕಲಿಯೋ ಕಾಲ. ತಪ್ಪು ಅಂತ ಆಮೇಲೆ ಗೊತ್ತಾಯ್ತು. ಅರ್ಧ ದಿನ ಯಂತ್ರ ನಿಲ್ಲಿಸಕ್ಕೆ ಬಿಡಿ, ಸರಿ ಮಾಡ್ತೀನಿ ಅಂತ ಮೂರು ಸಲ ಬರೆದುಕೊಟ್ಟೆ. ಓಡ್ತಿರೋದನ್ನ ಯಾಕೆ ಮುಟ್ತೀರಿ ಅಂದ್ರು. ನಾನೂ ಸುಮ್ಮನಾದೆ."

ಸುಮ್ಮನಾದದ್ದು ಅಷ್ಟೇ ಅಲ್ಲ. ಸಭಾಂಗಣದ ಗಡಿಯಾರ ಹಿಂದಕ್ಕೆ ಜಾರಿದ್ದನ್ನು ನೋಡಿ ತಕ್ಷಣ ಅರ್ಥ ಮಾಡಿಕೊಂಡವರು ಆ ಸಭೆಯಲ್ಲಿ ಅವರೊಬ್ಬರೇ. ಒಂದು ಹೆಜ್ಜೆ ಮುಂದಿಟ್ಟರು. "ಅಲ್ಲಾಡ್ಬೇಡಿ, ಫೋಟೋ ಆಗ್ತಿದೆ," ಎಂದು ಆಡಳಿತಾಧಿಕಾರಿ ಗದರಿದರು. ಚಿತ್ರ ತೆಗೆದು ಎರಡು ನಿಮಿಷಕ್ಕೆ ಸರಿಪಡಿಸುತ್ತಾರೆ ಎಂದುಕೊಂಡು ಟೈಮರ್ ಅಕ್ಕ ವಯರ್ ಹಿಡಿದು ನಿಂತರು. ಭಾಷಣವಾಯಿತು, ಚಪ್ಪಾಳೆಯಾಯಿತು, ಇನ್ನೊಂದು ಭಾಷಣವಾಯಿತು, ಚಹಾ ಬಂತು. ಮೈಕ್ ಬಿಟ್ಟು ಹೋಗಲು ಯಾರೂ ಬಿಡಲಿಲ್ಲ, ಕೇಳಲು ಅವರಿಗೂ ಬಾಯಿ ಬರಲಿಲ್ಲ. ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ್ದು ಐದು ಗಂಟೆಗೆ. ಆಗ ತಡವಾಗಿದ್ದ ಐವತ್ತೊಂದು ಬೆಲ್‌ಗಳು ಒಂದೇ ಉಸಿರಿಗೆ ಹೊಡೆದುಕೊಂಡವು. ಅತಿಥಿಗಳು ಅದನ್ನು ತಮಗೆ ಕೊಟ್ಟ ಬೀಳ್ಕೊಡುಗೆ ಎಂದು ತಿಳಿದು ಕೈ ಮುಗಿದರಂತೆ.

ಆ ಹೊತ್ತಿಗೆ ಮೇಲೆ ಆಗಬಾರದ್ದು ಆಗಿಹೋಗಿತ್ತು. ಹದಿನಾಲ್ಕನೇ ಹಾಸಿಗೆಯಲ್ಲಿ ಒಬ್ಬ ನಿವೃತ್ತ ಲಾರಿ ಚಾಲಕ. ಇನ್ಸುಲಿನ್ ಹನಿ ಹೋಗುತ್ತಿತ್ತು. ಸಕ್ಕರೆ ತೀರಾ ಇಳಿದರೆ ಜೀವಕ್ಕೇ ಅಪಾಯ, ಅದಕ್ಕೆ ಎರಡು ಗಂಟೆಗೊಮ್ಮೆ ಬೆರಳ ತುದಿ ಚುಚ್ಚಿ ರಕ್ತದ ಸಕ್ಕರೆ ನೋಡಬೇಕು, ಮೂರೂ ನಲವತ್ತೈದಕ್ಕೆ ಅವರ ಸರದಿ. ಅಂಗೈ ಸಿಸ್ಟರ್ ಅಂದು ಮೂವತ್ತೆಂಟು ರೋಗಿಗಳಿಗೆ ಒಬ್ಬಳೇ. ಜೊತೆಯವಳನ್ನು ಹೂಗುಚ್ಛ ಹಿಡಿದು ನಿಲ್ಲಲು ಕೆಳಗೆ ಕರೆಸಿಕೊಂಡಿದ್ದರು. ಆಕೆಯ ಮಣಿಕಟ್ಟಿನಲ್ಲಿ ಗಡಿಯಾರವಿಲ್ಲ, ಅಂಗೈಯಲ್ಲಿ ಶಾಯಿಯಿಲ್ಲ. ಗೋಡೆ ನೋಡಿದಾಗಲೆಲ್ಲ ಇನ್ನೂ ಹೊತ್ತಿದೆ ಎಂದೇ ಗೋಡೆ ಹೇಳಿತು. ಚಾಲಕರ ಮೈ ಅದುರತೊಡಗಿದಾಗ ಓಡಿಹೋಗಿ ಹಿಡಿದುಕೊಂಡವಳೂ ಅವಳೇ. ವೈದ್ಯರು ಬಂದು ತಮ್ಮ ಮೊಬೈಲ್ ನೋಡಿ ಬರೆದ ಹೊತ್ತು ನಾಲ್ಕೂ ಇಪ್ಪತ್ತು. ಅದಾಗಿ ಐದು ನಿಮಿಷಕ್ಕೆ ಬೆಲ್ ಹೊಡೆಯಿತು.

ಚಾಲಕರು ಬದುಕಿದರು, ಮಾತು ಹೋಯಿತು. ತಪಾಸಣೆಗೆ ಬರುವ ಅವರ ಹೆಂಡತಿ ಇವತ್ತಿಗೂ ಆ ವಾರ್ಡಿನ ಮುಂದೆ ನಿಂತು ಅಂಗೈ ಸಿಸ್ಟರಿಗೆ ಶಾಪ ಹಾಕಿ ಹೋಗುತ್ತಾರೆ. ಅವರಿಗಾದರೂ ಇನ್ನೇನು ಗೊತ್ತು?

ವಿಚಾರಣೆ ನಡೆಯಿತು. ಯಂತ್ರದ ದಾಖಲೆ ತೆಗೆದು ನೋಡಿದರು: ಹದಿನಾಲ್ಕನೇ ಹಾಸಿಗೆಯ ಬೆಲ್, ಮೂರೂ ನಲವತ್ತೈದು. ವೈದ್ಯರ ಟಿಪ್ಪಣಿ, ನಾಲ್ಕೂ ಇಪ್ಪತ್ತು. ಬೆಲ್ ಆದ ಮೇಲೆ ಮೂವತ್ತೈದು ನಿಮಿಷ ನರ್ಸ್ ಕೈಕಟ್ಟಿ ಕೂತಿದ್ದಳು ಎಂದು ಬರೆದು ಕೈತೊಳೆದುಕೊಂಡರು. ಬೆಲ್ ಆಗಿರಲೇ ಇಲ್ಲ ಎಂಬ ಆಕೆಯ ಮಾತಿಗೆ 'ಸುಳ್ಳು ಹೇಳಿಕೆ' ಎಂಬ ಶೀರ್ಷಿಕೆ ಸಿಕ್ಕಿತು. ಆಕೆಯ ಕೆಲಸ ಹೋಯಿತು. ಈಗ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳು ಬಿಚ್ಚಿ ಹಾಕಿದ್ದನ್ನು ಮಡಚಿಡುತ್ತಾಳೆ.

ಟೈಮರ್ ಅಕ್ಕ ಬಾಯಿ ಹೊಲಿದುಕೊಂಡು ಕೂರಲಿಲ್ಲ, ಈ ಸಲ. ತಾವಾಗಿಯೇ ಸಮಿತಿಯ ಮುಂದೆ ಹೋದರು. "ತಪ್ಪು ನಂದು, ಬೆಲ್ ತಡ ಆಗಿದೆ ಅಂದೆ. ನೀವು ಇಲ್ಲಿ ಏನಾಗಿದ್ದೀರಿ ಅಂದ್ರು. ಡೇಟಾ ಎಂಟ್ರಿ ಅಂದೆ. ಹಾಗಾದ್ರೆ ಎಂಟ್ರಿ ಮಾಡ್ಕೊಂಡಿರಿ ಅಂದ್ರು." ಗಡಿಯಾರ ತಿರುಗಿಸಿದ್ದನ್ನು ಹೇಳಿದರೆ ಆಡಳಿತಾಧಿಕಾರಿ ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಕಟ್ಟು ಹಾಕಿದ ಚಿತ್ರ. ಫಲಕ, ಅತಿಥಿ, ನಗು, ತಲೆಯ ಮೇಲೆ ಸರಿಯಾಗಿ ಮೂರು ಗಂಟೆ. "ಕಣ್ಣೆದುರಿಗೇ ಇದೆಯಲ್ಲಮ್ಮ. ಕಾರ್ಯಕ್ರಮ ಮೂರಕ್ಕೇ ಶುರುವಾಗಿದೆ." ಆ ಚಿತ್ರದ ಎಡ ಅಂಚಿನಲ್ಲಿ ಮೈಕಿನ ವಯರ್ ಹಿಡಿದ ಒಂದು ಮುಂಗೈ ಕಾಣುತ್ತದೆ. ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ಟೈಮರ್ ಅಕ್ಕ ಆಸ್ಪತ್ರೆಯ ಚಿತ್ರದಲ್ಲಿ ಬಂದದ್ದು ಅಷ್ಟೇ. ಹೊಗಳಿಕೆ ಬೇಡ, ಬೈಗುಳವನ್ನಾದರೂ ಕೊಡಿ ಎಂದು ಹೋಗಿ ನಿಂತವರಿಗೆ ಅದನ್ನೂ ಕೊಡದ ಜಾಗ ಇದು.

ಸಾಕ್ಷಿ ಇಲ್ಲದೆ ಇಲ್ಲ. ದಾಖಲೆಯ ಪ್ರತಿ ಸಾಲಿನಲ್ಲೂ ಗೋಡೆ ಗಡಿಯಾರದ ಹೊತ್ತಿನ ಪಕ್ಕದಲ್ಲಿ ಒಳಗಿನ ಲೆಕ್ಕವೂ ಇದೆ. ಪರದೆಯ ಮೇಲೆ ಬೆರಳಿಟ್ಟು ಅವರು ತೋರಿಸುತ್ತಾರೆ. "ಇಲ್ಲಿ ನೋಡಿ, ಚೀಟಿ ಹಾಕಿದ್ದು. ಇಲ್ಲಿ ಬೆಲ್ ಆಗಿದ್ದು. ನಡುವೆ ಏಳು ಸಾವಿರದ ಇನ್ನೂರು ಸೆಕೆಂಡ್ ಇರ್ಬೇಕು. ಒಂಬತ್ತು ಸಾವಿರದ ಆರ್ನೂರು ಇದೆ. ಅದೂ ಬೇಡ, ಈ ಕಡೆ ನೋಡಿ. ಒಂದೇ ದಿನ, ಒಂದೇ ಮಧ್ಯಾಹ್ನ, ಮೂರು ಗಂಟೆ ಎರಡು ಸಲ ಬಂದಿದೆ. ಯಾವ ಊರಲ್ಲಿ ಸ್ವಾಮಿ, ಮೂರು ಗಂಟೆ ಎರಡು ಸಲ ಬರುತ್ತೆ?"

ಇದನ್ನು ಅಚ್ಚು ಹಾಕಿ ನಲವತ್ತೊಂದು ಹಾಳೆ ಕೊಟ್ಟರು. ಇಂಥದ್ದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು ಎಂದು ಹಿಂದಿರುಗಿತು. ಹಾಗಾದರೆ ಸಮಿತಿಯವರೇ ಬಂದು ಯಂತ್ರದಲ್ಲೇ ನೋಡಲಿ ಎಂದರು. ನೋಡೋಣ ಎಂಬ ಉತ್ತರ ಬಂತು. ನೋಡೋಣ ಎಂದವರು ಹೊಸ ಯಂತ್ರಕ್ಕೆ ಸಹಿ ಹಾಕಿದ್ದಾರೆ. ಈ ತಿಂಗಳ ಕೊನೆಗೆ ಹಳೆಯದನ್ನು ಅಳಿಸಿ ಗುಜರಿಗೆ ಹಾಕುತ್ತಾರೆ, ಹಳೆಯ ದಾಖಲೆ ಹೊಸದಕ್ಕೆ ಹೋಗುವುದಿಲ್ಲ. ಇನ್ನು ಉಳಿದಿರುವುದು ಹತ್ತೊಂಬತ್ತು ದಿನ. ಯಂತ್ರದ ಜೊತೆಗೆ ತಾತ್ಕಾಲಿಕ ಹುದ್ದೆಯೂ ಹೋಗುತ್ತದೆ, ಆದರೆ ಅದರ ಮಾತನ್ನು ಅವರು ಎತ್ತುವುದಿಲ್ಲ.

ಗಡಿಯಾರದ ತಪ್ಪನ್ನು ಅವರು ಎಂದೋ ತಿದ್ದಿದ್ದಾರೆ. ಘಟನೆಯ ಮಾರನೇ ವಾರ, ಯಾರ ಅನುಮತಿಯನ್ನೂ ಕೇಳದೆ, ಊಟದ ಹೊತ್ತಿನಲ್ಲಿ. ಅರ್ಧ ದಿನ ಬೇಕಾಗುತ್ತದೆ ಎಂದುಕೊಂಡಿದ್ದ ಕೆಲಸ ನಲವತ್ತೇ ನಿಮಿಷಕ್ಕೆ ಮುಗಿಯಿತು. ಅಷ್ಟು ಹೊತ್ತೂ ಹೊತ್ತಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ವಾರ್ಡಿಂದ ವಾರ್ಡಿಗೆ ಓಡಿ ಬೆಲ್ ಬದಲು ಬಾಯಲ್ಲಿ ಕೂಗಿ ಹೇಳಿದ್ದು ಅವರ ಗಂಡ, ರಜೆ ಹಾಕಿ ಬಂದು. ಈಗ ಗೋಡೆ ಗಡಿಯಾರವನ್ನು ಯಾರು ಎತ್ತ ತಿರುಗಿಸಿದರೂ ಬೆಲ್ ಜಗ್ಗುವುದಿಲ್ಲ. "ಮುಂಚೇನೇ ಕದ್ದು ಮಾಡ್ಬಹುದಿತ್ತು," ಎಂದು ಅವರು ಪರದೆಯ ಕಡೆಗೇ ನೋಡುತ್ತಾ ಹೇಳುತ್ತಾರೆ. "ನಲವತ್ತು ನಿಮಿಷದ ಕೆಲಸ. ಮೂರು ಅರ್ಜಿ ಬರೆಯಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡೀತು."

ಭಾನುವಾರಗಳಲ್ಲಿ ಅವರು ಬಟ್ಟೆ ಅಂಗಡಿಗೆ ಹೋಗುತ್ತಾರೆ. ಮೊದಮೊದಲು ಅಂಗೈ ಸಿಸ್ಟರ್ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಈಗ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಹತ್ತು ನಿಮಿಷ ಕೂರುತ್ತಾರೆ. ಆಕೆಯ ಅಂಗೈಯಲ್ಲಿ ಮತ್ತೆ ಶಾಯಿ ಬಂದಿದೆ, ಅಳತೆಗಳು, ಬಣ್ಣಗಳು, ಬಸ್ಸಿನ ಹೊತ್ತು. ಕಳೆದ ವಾರ ಆಕೆ ಆಡಿದ ಮಾತನ್ನು ಹೇಳುವಾಗ ಮಾತ್ರ ಟೈಮರ್ ಅಕ್ಕ ಪರದೆಯಿಂದ ಕಣ್ಣು ತೆಗೆಯುತ್ತಾರೆ.

"ಅಕ್ಕಾ, ನಿಜ ಹೇಳಿ, ಬೆಲ್ ಆಗಿರ್ಲಿಲ್ಲ ಅಲ್ವಾ ಅಂದ್ಳು. ಎಲ್ರೂ ಹೊಡೀತು ಹೊಡೀತು ಅಂತ ಹೇಳಿ ಹೇಳಿ ನಂಗೇ ಈಗ ಅನುಮಾನ ಬರುತ್ತೆ, ಹೊಡೆದಿದ್ದು ನನ್ನ ಕಿವಿಗೇ ಬೀಳ್ಲಿಲ್ವೇನೋ ಅಂತ ಅಂದ್ಳು. ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಹುಡುಗಿ ತನ್ನ ಕಿವೀನೇ ನಂಬದ ಹಾಗೆ ಆಗ್ಬಿಟ್ಳಲ್ಲ."

ಬೆಳಗಿನ ಎಂಟು. ಮೂಟೆ ಹೊರುವವರು ಬಂದು ಬಾಗಿಲು ನೂಕುತ್ತಿದ್ದಾರೆ. ನಮ್ಮ ಪತ್ರಿಕೆಗೆ ಒಂದು ಚಿತ್ರ ಬೇಕು, ಯಂತ್ರದ ಪಕ್ಕದಲ್ಲಿ ನಿಲ್ಲಿ ಎಂದರೆ ಟೈಮರ್ ಅಕ್ಕ ಬೇಡವೆಂದು ತಲೆ ಆಡಿಸುತ್ತಾರೆ. ಚಿತ್ರಕ್ಕಾಗಿ ಒಮ್ಮೆ ನಿಂತದ್ದೇ ಸಾಕಾಗಿದೆ ಅವರಿಗೆ. ಹಾಗಾದರೆ ಏನು ಬರೆಯಬೇಕು ಎಂಬ ಪ್ರಶ್ನೆಗೆ ಅಂಗೈಯಲ್ಲಿ ಮುಂದಿನ ಬೆಲ್ಲಿನ ಹೊತ್ತನ್ನು ಬರೆದುಕೊಳ್ಳುತ್ತಾ ಉತ್ತರ ಕೊಡುತ್ತಾರೆ.

"ನನ್ನ ಕಷ್ಟ ಸುಖ ಏನೂ ಬರೀಬೇಡಿ. ಆ ಅಂಗಡಿಗೆ ನಿಮ್ಮ ಪೇಪರ್ ಬರುತ್ತೆ, ನಾನು ನೋಡಿದ್ದೀನಿ. ಅವಳು ಓದ್ತಾಳೆ. ಮೂರೂ ನಲವತ್ತೈದಕ್ಕೆ ಬೆಲ್ ಹೊಡೆದಿರ್ಲಿಲ್ಲ. ಹೊಡೆಸಬೇಕಾದೋಳು ಕೆಳಗೆ ಮೈಕ್ ಹಿಡ್ಕೊಂಡು ನಿಂತಿದ್ಳು. ಅಷ್ಟು ಹಾಕಿ, ಸಾಕು."